ಐವತ್ತೈದು ಮೈಲಿ ವೇಗದ ಅರ್ಥಶಾಸ್ತ್ರ

ಸರ್ಕಾರಿ ಕಡತಗಳಲ್ಲಿ ‘ಪ್ರವಾಸ’ ಎಂಬ ಪದಕ್ಕೆ ಖಚಿತವಾದ ಅರ್ಥವಿದೆ. ಅಧಿಕಾರಿ ಹೊರಡುವ ಮುನ್ನವೇ ಕಾರ್ಯಕ್ರಮಕ್ಕೆ ಅನುಮೋದನೆ ದೊರೆತಿರುತ್ತದೆ. ಇಳಿದುಕೊಳ್ಳಲು ಪ್ರವಾಸಿ ಮಂದಿರವಿರುತ್ತದೆ. ಹಿಂದಿರುಗಿದ ಮೇಲೆ ಪ್ರಯಾಣ ಭತ್ಯೆ ಹಾಗೂ ದಿನಭತ್ಯೆಗಳ ಬಿಲ್ಲು ಖಜಾನೆ ಸೇರುತ್ತದೆ. ಅಮೆರಿಕದ ಸಣ್ಣ ರಾಕ್ ಸಂಗೀತ ತಂಡವೊಂದು ಇದೇ ಪದವನ್ನು ಬಳಸಿದಾಗ ಅದರ ಅರ್ಥ ಸಂಪೂರ್ಣ ತಿರುವುಮುರುವಾಗುತ್ತದೆ. ಮಂಜೂರು ಮಾಡುವವರಿಲ್ಲ, ಭತ್ಯೆ ನೀಡುವವರಿಲ್ಲ, ರಾತ್ರಿ ಎಲ್ಲಿ ಮಲಗಬೇಕೆಂಬುದು ಸಂಜೆಯವರೆಗೂ ತಿಳಿದಿರುವುದಿಲ್ಲ. ಆದರೂ ಪ್ರತಿವರ್ಷ ಸಾವಿರಾರು ಯುವಕ ಯುವತಿಯರು ಹಳೆಯ ವ್ಯಾನೊಂದಕ್ಕೆ ಗಿಟಾರ್, ಡ್ರಮ್ಸ್, ಆಂಪ್ಲಿಫೈಯರುಗಳನ್ನು ತುಂಬಿಕೊಂಡು ಹೊರಡುತ್ತಾರೆ. ಇವರನ್ನು ಕೇವಲ ಹುಚ್ಚು ಹುಡುಗರೆಂದು ತಳ್ಳಿಹಾಕುವ ಮುನ್ನ ಅವರ ಲೆಕ್ಕಪುಸ್ತಕವನ್ನೊಮ್ಮೆ ತೆರೆದು ನೋಡುವುದು ಉಚಿತ.

ಇದಕ್ಕೆ ತಕ್ಕ ಉದಾಹರಣೆ 1980ರಲ್ಲಿ ಹುಟ್ಟಿದ ‘ಮಿನಿಟ್‌ಮೆನ್’ ತಂಡ. ಲಾಸ್ ಏಂಜಲಿಸ್ ನಗರದ ಬಂದರು ಪ್ರದೇಶವಾದ ಸ್ಯಾನ್ ಪೀಡ್ರೊ ಇವರ ಊರು. ದುಡಿಯುವ ವರ್ಗದವರ ಊರು. ಗಿಟಾರ್ ನುಡಿಸಿ ಹಾಡುತ್ತಿದ್ದ ಡಿ. ಬೂನ್ ಮತ್ತು ಬೇಸ್ ಗಿಟಾರ್ ವಾದಕ ಮೈಕ್ ವಾಟ್ ಬಾಲ್ಯ ಸ್ನೇಹಿತರು. ಇವರೊಡನೆ ಡ್ರಮ್ಸ್‌ಗೆ ಜಾರ್ಜ್ ಹರ್ಲಿ. ಇವರ ಮೊದಲ ಮುದ್ರಿಕೆಯಲ್ಲಿ ಏಳು ಹಾಡುಗಳಿದ್ದವು. ಏಳೂ ಸೇರಿ ಏಳು ನಿಮಿಷವಿರಲಿಲ್ಲ. ಮಾತಿನಲ್ಲಿ, ಸ್ವರದಲ್ಲಿ, ಹಣದಲ್ಲಿ ಮಿತವ್ಯಯವೇ ಇವರ ಶೈಲಿಯಾಗಿತ್ತು. ಈ ಮಿತವ್ಯಯಕ್ಕೆ ಅವರು ‘ಇಕಾನೊ’ ಎಂಬ ಹೆಸರನ್ನೇ ಇಟ್ಟುಕೊಂಡಿದ್ದರು. ಅದರಲ್ಲಿ ಮಿತವ್ಯಯವೂ ಇತ್ತು, ಸಣ್ಣ ತಂಡಗಳ ಪಾಲಿನ ಮನೆಯೂ ಗೋದಾಮೂ ಆಗಿದ್ದ ಫೋರ್ಡ್ ‘ಇಕಾನೊಲೈನ್’ ವ್ಯಾನಿನ ನೆನಪೂ ಇತ್ತು.

ಇಕಾನೊ ಎಂದರೆ ಸಾಮಾನು ಹೊರಲು ಆಳುಗಳನ್ನಿಡದೆ ತಾವೇ ಹೊರುವುದು. ಬಾಡಿಗೆ ಅಗ್ಗವಾಗುವ ನಡುರಾತ್ರಿಯಲ್ಲಿ ಧ್ವನಿಮುದ್ರಣ ಮಾಡಿಕೊಳ್ಳುವುದು. ಪರವೂರಿನಲ್ಲಿ ಅಭಿಮಾನಿಯೊಬ್ಬನ ಮನೆಯ ನೆಲದ ಮೇಲೆ ಮಲಗುವುದು. ಇದರ ಹಿಂದೆ ಒಂದು ಸ್ಪಷ್ಟ ಆರ್ಥಿಕ ಸಿದ್ಧಾಂತವೂ ಇತ್ತು. ದೊಡ್ಡ ಕಂಪೆನಿಗಳ ಲೆಕ್ಕದಲ್ಲಿ ಪ್ರವಾಸವೆಂಬುದು ಧ್ವನಿಮುದ್ರಿಕೆಯ ಮಾರಾಟಕ್ಕಾಗಿ ಮಾಡುವ ಜಾಹೀರಾತು. ಅದರಲ್ಲಿ ನಷ್ಟವಾದರೂ ಚಿಂತೆಯಿಲ್ಲ. ಮಿನಿಟ್‌ಮೆನ್ ಇದನ್ನು ತಲೆಕೆಳಗು ಮಾಡಿದರು. ಅವರ ಪಾಲಿಗೆ ಧ್ವನಿಮುದ್ರಿಕೆಯೂ ಸೇರಿದಂತೆ ಉಳಿದೆಲ್ಲವೂ ಕರಪತ್ರ. ಜನರನ್ನು ಕಛೇರಿಗೆ ಕರೆತರುವುದಷ್ಟೇ ಅದರ ಕೆಲಸ. ಕರಪತ್ರಕ್ಕೆ ಯಾರೂ ಹೆಚ್ಚು ಖರ್ಚು ಮಾಡುವುದಿಲ್ಲ. ಖರ್ಚನ್ನು ತಗ್ಗಿಸಿದರೆ ಯಾರ ಸಾಲಕ್ಕೂ ಸಿಲುಕಬೇಕಿಲ್ಲ; ಸಾಲವಿಲ್ಲದವನು ತನಗೆ ಬೇಕಾದ ಹಾಡನ್ನು ಹಾಡಬಲ್ಲ. ಸ್ವಾತಂತ್ರ್ಯಕ್ಕೆ ಇದಕ್ಕಿಂತ ಸರಳವಾದ ಆಯವ್ಯಯ ಸಿಗಲಾರದು.

ಇವರು ಸಂಚರಿಸಿದ ದಾರಿ ತಾನಾಗಿ ಹುಟ್ಟಿದ್ದಲ್ಲ. ಕ್ಯಾಲಿಫೋರ್ನಿಯದ ‘ಬ್ಲ್ಯಾಕ್ ಫ್ಲ್ಯಾಗ್’ ತಂಡ ಹಾಗೂ ಅದರ ನಾಯಕ ಗ್ರೆಗ್ ಗಿನ್ ಕಟ್ಟಿದ ‘ಎಸ್‌ಎಸ್‌ಟಿ’ ಧ್ವನಿಮುದ್ರಣ ಸಂಸ್ಥೆ 1980ರ ದಶಕದ ಆರಂಭದಲ್ಲಿ ಊರೂರಿಗೆ ದೂರವಾಣಿ ಮಾಡಿ, ಸಿಕ್ಕ ಸಭಾಂಗಣ, ನೆಲಮಾಳಿಗೆ, ಪಾನಗೃಹಗಳನ್ನು ಒಂದಕ್ಕೊಂದು ಜೋಡಿಸಿದವು. ಒಂದು ತಂಡ ಹಾದುಹೋದ ದಾರಿಯ ವಿಳಾಸಗಳು ಮತ್ತೊಂದು ತಂಡಕ್ಕೆ ಕೈಬದಲಾದವು. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇದೊಂದು ಸಾರ್ವಜನಿಕ ಸರಕು: ಕಟ್ಟಿದವರಿಗೆ ದಕ್ಕಿದ್ದು ಅಲ್ಪ, ಬಳಸಿದವರು ಅನೇಕ. ಆ ಬಳಿಕ ಇದೇ ವ್ಯಾನುಗಳ ಹಾದಿಯಿಂದ ಬಂದ ‘ನಿರ್ವಾಣ’ ತಂಡದ ‘ನೆವರ್‌ಮೈಂಡ್’ 1992ರ ಜನವರಿಯಲ್ಲಿ ಅಮೆರಿಕದ ಮಾರಾಟ ಪಟ್ಟಿಯ ತುದಿಗೇರಿತು. ದೊಡ್ಡ ಕಂಪೆನಿಗಳು ಅದರಿಂದ ಅಪಾರ ಲಾಭ ಗಳಿಸಿದವು. ಹಾದಿ ಕಡಿದವರಿಗೆ ಅದರಲ್ಲಿ ಪಾಲಿರಲಿಲ್ಲ.

1984ರಲ್ಲಿ ಹೊರಬಂದ ಮಿನಿಟ್‌ಮೆನ್‌ರ ಶ್ರೇಷ್ಠ ಕೃತಿಗೆ ‘ಡಬಲ್ ನಿಕಲ್ಸ್ ಆನ್ ದಿ ಡೈಮ್’ ಎಂಬ ಹೆಸರಿತ್ತು. ನಿಕಲ್ ಎಂದರೆ ಐದು ಸೆಂಟಿನ ನಾಣ್ಯ, ಡೈಮ್ ಎಂದರೆ ಹತ್ತು ಸೆಂಟಿನದು. ಲಾರಿ ಚಾಲಕರ ಆಡುಮಾತಿನಲ್ಲಿ ಎರಡು ನಿಕಲ್ ಎಂದರೆ ಐವತ್ತೈದು. ಡೈಮ್ ಎಂದರೆ ಹತ್ತನೆಯ ಸಂಖ್ಯೆಯ ಅಂತರರಾಜ್ಯ ಹೆದ್ದಾರಿ. ಅಂದರೆ, ಹತ್ತನೆಯ ಹೆದ್ದಾರಿಯಲ್ಲಿ ಗಂಟೆಗೆ ಸರಿಯಾಗಿ ಐವತ್ತೈದು ಮೈಲಿ. 1973ರ ತೈಲ ಬಿಕ್ಕಟ್ಟಿನ ಬೆನ್ನಿಗೇ, 1974ರಲ್ಲಿ, ಇಂಧನ ಉಳಿಸಲೆಂದು ಅಮೆರಿಕ ವಿಧಿಸಿದ ರಾಷ್ಟ್ರವ್ಯಾಪಿ ವೇಗಮಿತಿ ಅದು. 1995ರಲ್ಲಿ ಅದನ್ನು ಸಂಪೂರ್ಣ ತೆಗೆದುಹಾಕಲಾಯಿತು. ಆ ದಿನಗಳಲ್ಲಿ ಸ್ಯಾಮಿ ಹೇಗರ್ ಎಂಬ ಜನಪ್ರಿಯ ರಾಕ್ ಗಾಯಕ ತನ್ನಿಂದ ಐವತ್ತೈದರ ವೇಗದಲ್ಲಿ ಓಡಿಸಲಾಗದೆಂದು ಹಾಡು ಕಟ್ಟಿ ಪ್ರಸಿದ್ಧನಾಗಿದ್ದ. ಮಿನಿಟ್‌ಮೆನ್ ಅದನ್ನು ತಮ್ಮ ಶೀರ್ಷಿಕೆಯಲ್ಲಿ ಲೇವಡಿ ಮಾಡಿದರು. ಮುಖಪುಟದ ಚಿತ್ರದಲ್ಲಿ ವಾಟ್ ಕಾರು ಓಡಿಸುತ್ತಿದ್ದಾನೆ. ವೇಗಮಾಪಕದ ಮುಳ್ಳು ಐವತ್ತೈದರ ಮೇಲಿದೆ. ಸಾಹಸವಿರಬೇಕಾದದ್ದು ಸಂಗೀತದಲ್ಲಿಯೇ ಹೊರತು ರಸ್ತೆಯಲ್ಲಲ್ಲ ಎಂಬುದು ಅದರ ತಾತ್ಪರ್ಯ.

ವಿಧಿಗೆ ಈ ವಿವೇಕ ಲೆಕ್ಕಕ್ಕೆ ಬರಲಿಲ್ಲ. 1985ರ ಡಿಸೆಂಬರ್‌ನಲ್ಲಿ ಮಿನಿಟ್‌ಮೆನ್ ಅದಾಗಲೇ ಹೆಸರು ಮಾಡಿದ್ದ ‘ಆರ್‌ಇಎಂ’ ತಂಡದೊಡನೆ ಪ್ರವಾಸ ಮಾಡುತ್ತಿದ್ದರು. ಮುಖ್ಯ ತಂಡಕ್ಕೂ ಮುನ್ನ ವೇದಿಕೆಯೇರುವ ಅವಕಾಶವದು. ಅದರ ಕೊನೆಯ ಕಾರ್ಯಕ್ರಮ ಡಿಸೆಂಬರ್ 13ರಂದು ನಾರ್ತ್ ಕೆರೊಲಿನಾದ ಶಾರ್ಲಟ್ ನಗರದಲ್ಲಿ ನಡೆಯಿತು. ಒಂಬತ್ತು ದಿನಗಳ ಬಳಿಕ, ಡಿಸೆಂಬರ್ 22ರಂದು, ಅರಿಜೋನಾದ ಮರುಭೂಮಿಯಲ್ಲಿ ಸಾಗುತ್ತಿದ್ದ ವ್ಯಾನೊಂದು ರಸ್ತೆ ಬಿಟ್ಟು ಉರುಳಿತು. ಜ್ವರದಿಂದ ಬಳಲಿ ಹಿಂಭಾಗದಲ್ಲಿ ಸೀಟ್‌ಬೆಲ್ಟ್ ಇಲ್ಲದೆ ಮಲಗಿದ್ದ ಡಿ. ಬೂನ್ ಹೊರಕ್ಕೆ ಎಸೆಯಲ್ಪಟ್ಟು ಪ್ರಾಣ ಬಿಟ್ಟ. ಅವನಿಗಾಗ ಇಪ್ಪತ್ತೇಳು ವರ್ಷ. ಆ ಹೆದ್ದಾರಿಯ ಸಂಖ್ಯೆ ಹತ್ತು.

ಇದೊಂದು ಬಿಡಿ ದುರಂತವೆಂದು ಮರೆಯುವಂತಿಲ್ಲ. 2016ರ ಫೆಬ್ರವರಿಯಲ್ಲಿ ಬ್ರಿಟನ್ನಿನ ‘ವಯೋಲಾ ಬೀಚ್’ ತಂಡದ ನಾಲ್ವರು ತರುಣರೂ ಅವರ ವ್ಯವಸ್ಥಾಪಕನೂ ಸ್ವೀಡನ್ನಿನಲ್ಲಿ ಕಾರ್ಯಕ್ರಮ ನೀಡಿದ ರಾತ್ರಿಯೇ ಮೃತಪಟ್ಟರು. ದೋಣಿಗಾಗಿ ತೆರೆದಿದ್ದ ಸೇತುವೆಯಿಂದ ಅವರ ಕಾರು ಕಾಲುವೆಗೆ ಬಿದ್ದಿತ್ತು. 2019ರ ಮಾರ್ಚ್‌ನಲ್ಲಿ ಲಿವರ್‌ಪೂಲ್‌ನ ‘ಹರ್ಸ್’ ಎಂಬ ಇಬ್ಬರ ತಂಡ, ಪ್ರವಾಸ ವ್ಯವಸ್ಥಾಪಕನೊಡನೆ, ಫೀನಿಕ್ಸ್‌ನ ಕಾರ್ಯಕ್ರಮ ಮುಗಿಸಿ ಕ್ಯಾಲಿಫೋರ್ನಿಯಕ್ಕೆ ಹೊರಟಿತ್ತು. ವಿರುದ್ಧ ದಿಕ್ಕಿನಲ್ಲಿ ಬಂದ ವಾಹನವೊಂದು ಡಿಕ್ಕಿ ಹೊಡೆದು ಮೂವರೂ ಅಸುನೀಗಿದರು. ಅದು ನಡೆದದ್ದೂ ಅರಿಜೋನಾದಲ್ಲೇ, ಅದೇ ಹತ್ತನೆಯ ಹೆದ್ದಾರಿಯಲ್ಲಿ. ಪ್ರತಿ ಅಪಘಾತದ ಕಾರಣವೂ ಬೇರೆ ಬೇರೆ; ಒಬ್ಬರ ಮೇಲೆ ತಪ್ಪು ಹೊರಿಸುವುದು ಇಲ್ಲಿನ ಉದ್ದೇಶವಲ್ಲ. ಆದರೆ ದಿನಕ್ಕೆ ನೂರಾರು ಮೈಲಿ ರಸ್ತೆಯಲ್ಲಿ, ಅದರಲ್ಲೂ ರಾತ್ರಿಯ ಹೊತ್ತಿನಲ್ಲಿ, ಇರುವುದೇ ಯಾವ ವೃತ್ತಿಯ ಷರತ್ತೋ ಆ ವೃತ್ತಿಯಲ್ಲಿ ಅಪಾಯವೂ ವೇತನದ ಒಂದು ಭಾಗವಾಗಿಬಿಡುತ್ತದೆ.

ಅಷ್ಟು ದೂರ, ಅಷ್ಟು ಅವಸರದಲ್ಲಿ ಏಕೆ ಓಡಬೇಕು? ಉತ್ತರ ಲೆಕ್ಕದಲ್ಲಿದೆ. ಒಂದು ಕಾಲ್ಪನಿಕ ದಿನವನ್ನು ತೆಗೆದುಕೊಳ್ಳೋಣ. ನಾಲ್ವರ ತಂಡ, ಮುಂದಿನ ಊರಿಗೆ 300 ಮೈಲಿ. ಗ್ಯಾಲನ್ನಿಗೆ 15 ಮೈಲಿ ಓಡುವ ವ್ಯಾನಿಗೆ 20 ಗ್ಯಾಲನ್ ಪೆಟ್ರೋಲು ಬೇಕು; ಗ್ಯಾಲನ್ನಿಗೆ 3 ಡಾಲರಿನಂತೆ 60 ಡಾಲರ್. ಅಗ್ಗದ ಮೋಟೆಲಿನ ಒಂದೇ ಕೋಣೆಗೆ 100, ನಾಲ್ವರ ಊಟೋಪಚಾರಕ್ಕೆ 100. ಒಟ್ಟು 260 ಡಾಲರ್. ಕ್ಲಬ್ಬಿನವರು ಕೊಡುವುದಾಗಿ ಒಪ್ಪಿಕೊಂಡದ್ದು 250 ಎಂದಿಟ್ಟುಕೊಳ್ಳಿ. ವ್ಯಾನಿನ ದುರಸ್ತಿ, ವಿಮೆ, ತುಂಡಾದ ತಂತಿ, ಊರಿನಲ್ಲಿ ಬಿಟ್ಟುಬಂದ ಮನೆಯ ಬಾಡಿಗೆ ಇವಾವುವೂ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಆಗಲೇ 10 ಡಾಲರ್ ಕೊರತೆ. ಇದನ್ನು ತುಂಬಿಕೊಡುವುದು ಬಾಗಿಲ ಬಳಿ ಮೇಜು ಹಾಕಿ ಮಾರುವ ಟೀಶರ್ಟು ಮತ್ತು ಮುದ್ರಿಕೆಗಳು. ಆ ಮಾರಾಟದಲ್ಲೂ ಪಾಲು ಕೇಳುವ ಸಭಾಂಗಣಗಳುಂಟು. ಕಾರ್ಯಕ್ರಮವಿಲ್ಲದ ದಿನವೆಂದರೆ ಆದಾಯವಿಲ್ಲದ ಖರ್ಚಿನ ದಿನ. ಆದ್ದರಿಂದ ವಿಶ್ರಾಂತಿಯೇ ದುಬಾರಿ. ಹಣ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಮೋಟೆಲಿನ ಕೋಣೆಗೆ. ಆಗ ಉಳಿಯುವುದು ರಾತ್ರಿಯಿಡೀ ವಾಹನ ಚಾಲನೆ.

ಈ ಸಂಕಟದ ಮೂಲವನ್ನು 1966ರಷ್ಟು ಹಿಂದೆಯೇ ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು ರಂಗಕಲೆಗಳ ಕುರಿತ ತಮ್ಮ ಗ್ರಂಥದಲ್ಲಿ ಗುರುತಿಸಿದ್ದರು. ಕಾರ್ಖಾನೆಯಲ್ಲಿ ಯಂತ್ರ ಬಂದಂತೆ ಒಬ್ಬನ ಉತ್ಪಾದನೆ ಹೆಚ್ಚುತ್ತದೆ, ಕೂಲಿಯೂ ಏರುತ್ತದೆ. ಆದರೆ ನಾಲ್ವರು ನುಡಿಸಬೇಕಾದ ಅರ್ಧ ಗಂಟೆಯ ಕೃತಿಗೆ ಇನ್ನೂರು ವರ್ಷಗಳ ಹಿಂದೆ ಎಷ್ಟು ಜನ, ಎಷ್ಟು ಹೊತ್ತು ಬೇಕಾಗಿತ್ತೋ ಇಂದೂ ಅಷ್ಟೇ ಬೇಕು. ಉಳಿದ ಕ್ಷೇತ್ರಗಳ ಕೂಲಿಯೊಡನೆ ಕಲಾವಿದನ ಜೀವನವೆಚ್ಚ ಏರುತ್ತದೆ, ಉತ್ಪಾದಕತೆ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ‘ಬಾಮೊಲ್‌ನ ವೆಚ್ಚವ್ಯಾಧಿ’ ಎಂದು ಪ್ರಸಿದ್ಧವಾದ ತತ್ತ್ವವಿದು.

ರಾಕ್ ತಂಡಗಳಿಗೆ ಈ ವ್ಯಾಧಿಯಿಂದ ಪಾರಾಗಲು ಒಂದು ಕಿಂಡಿಯಿತ್ತು: ಧ್ವನಿಮುದ್ರಿಕೆ. ಒಮ್ಮೆ ನುಡಿಸಿದ್ದನ್ನು ಲಕ್ಷ ಸಲ ಮಾರಬಹುದಾಗಿತ್ತು. ಅಂತರ್ಜಾಲ ಆ ಕಿಂಡಿಯನ್ನೂ ಬಹುಮಟ್ಟಿಗೆ ಮುಚ್ಚಿತು. ಇಂದು ಸ್ಟ್ರೀಮಿಂಗ್‌ನಲ್ಲಿ ಒಂದು ಸಲ ಹಾಡು ಕೇಳಿದರೆ ಸಾಮಾನ್ಯವಾಗಿ ಒಂದು ಸೆಂಟಿಗಿಂತಲೂ ಕಡಿಮೆ ಹಣ ಹುಟ್ಟುತ್ತದೆ. ವರ್ಷಕ್ಕೆ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ 2024ರಿಂದ ಧ್ವನಿಮುದ್ರಣದ ಗೌರವಧನವನ್ನೇ ನಿಲ್ಲಿಸಿದೆ. ಹೀಗಾಗಿ ಉತ್ಪಾದಕತೆ ಅತ್ಯಧಿಕವಾಗಿರುವ ಧ್ವನಿಮುದ್ರಣದಿಂದ ಸಂಗೀತಗಾರನಿಗೆ ಆದಾಯವಿಲ್ಲ. ಉತ್ಪಾದಕತೆ ಎಂದಿಗೂ ಹೆಚ್ಚದ ರಸ್ತೆಯೊಂದೇ ಅವನಿಗೆ ಗತಿ. ಧ್ವನಿಮುದ್ರಿಕೆ ಬರೀ ಕರಪತ್ರವೆಂಬುದು ಮಿನಿಟ್‌ಮೆನ್‌ರ ಕಾಲದಲ್ಲಿ ಆಯ್ಕೆಯಾಗಿತ್ತು. ಇಂದು ಅದು ಅನಿವಾರ್ಯತೆ.

ಹಾಗೆಂದು ಸಣ್ಣ ತಂಡಗಳ ಬಾಳೆಲ್ಲ ಬರಿಯ ಗೋಳೆಂದು ಭಾವಿಸಬೇಕಿಲ್ಲ. ವಾಷಿಂಗ್ಟನ್ನಿನ ‘ಫುಗಾಝಿ’ ತಂಡ 1987ರಿಂದ 2002ರವರೆಗೆ ಸುಮಾರು ಸಾವಿರ ಕಾರ್ಯಕ್ರಮಗಳನ್ನು ನೀಡಿತು. ಟಿಕೆಟ್ ದರ ಸಾಧ್ಯವಾದ ಕಡೆಯಲ್ಲೆಲ್ಲ ಐದು ಡಾಲರ್. ಯಾವ ವಯಸ್ಸಿನವರಿಗೂ ಪ್ರವೇಶ. ತಮ್ಮ ವ್ಯವಹಾರವನ್ನು ತಾವೇ ನೋಡಿಕೊಂಡರು, ತಮ್ಮವರದೇ ಆದ ‘ಡಿಸ್ಕಾರ್ಡ್’ ಸಂಸ್ಥೆಯಿಂದ ಮುದ್ರಿಕೆಗಳನ್ನು ಹೊರತಂದರು, ದೊಡ್ಡ ಕಂಪೆನಿಗಳ ಕರೆಗೆ ಓಗೊಡಲಿಲ್ಲ. ಮಿತವ್ಯಯ ಬಡತನದ ಲಕ್ಷಣವಲ್ಲ, ಅದು ಘನತೆಯೂ ಆಗಬಲ್ಲುದೆಂದು ತೋರಿಸಿದರು. ಆದರೆ ಎಲ್ಲರಿಗೂ ಫುಗಾಝಿಯಷ್ಟು ಕೇಳುಗರಿರುವುದಿಲ್ಲ. ವೈಯಕ್ತಿಕ ಸದ್ಗುಣವನ್ನೇ ಸಾರ್ವಜನಿಕ ನೀತಿಯ ಸ್ಥಾನದಲ್ಲಿ ಕೂರಿಸಲಾಗದು.

ಹಾಗಾದರೆ ನೀತಿ ಏನು ಮಾಡಬಹುದು? ಸಬ್ಸಿಡಿ ಎಂದೊಡನೆ ಮುಖ ಸಿಂಡರಿಸುವವರಿದ್ದಾರೆ; ಅವರ ಅನುಮಾನ ನಿರಾಧಾರವೇನಲ್ಲ. ಯಾವ ತಂಡ ಒಳ್ಳೆಯದೆಂದು ಅಧಿಕಾರಿ ನಿರ್ಧರಿಸತೊಡಗಿದರೆ ರಾಕ್ ಸಂಗೀತದ ಕಥೆ ಅಲ್ಲಿಗೇ ಮುಗಿಯಿತು. ಆದರೆ ಅದೇ ಉದ್ಯಮದೊಳಗಿನ ಹಣವನ್ನು ಮೇಲಿನಿಂದ ಕೆಳಕ್ಕೆ ಹರಿಸುವ ದಾರಿಗಳಿವೆ. ಫ್ರಾನ್ಸಿನಲ್ಲಿ ಸಂಗೀತ ಕಾರ್ಯಕ್ರಮಗಳ ಟಿಕೆಟ್ಟಿನ ಮೇಲೆ ಶೇ 3.5ರಷ್ಟು ತೆರಿಗೆಯಿದ್ದು, ಅದು ರಾಷ್ಟ್ರೀಯ ಸಂಗೀತ ಕೇಂದ್ರದ ಮೂಲಕ ಆ ಕ್ಷೇತ್ರಕ್ಕೇ ಮರಳುತ್ತದೆ. ಬ್ರಿಟನ್ನಿನಲ್ಲಿ 2023ನೇ ಒಂದೇ ವರ್ಷದಲ್ಲಿ 125 ಸಣ್ಣ ಸಂಗೀತ ತಾಣಗಳು ಮುಚ್ಚಿದವು. 2024ರಲ್ಲಿ ಅಲ್ಲಿನ ಸಂಸದೀಯ ಸಮಿತಿ ಕ್ರೀಡಾಂಗಣಗಳಂತಹ ಬೃಹತ್ ಸ್ಥಳಗಳ ಟಿಕೆಟ್ಟಿನಲ್ಲಿ ಒಂದಂಶವನ್ನು ಸಣ್ಣ ತಾಣಗಳಿಗೆ ಮೀಸಲಿಡಬೇಕೆಂದು ಶಿಫಾರಸು ಮಾಡಿತು. ಸರ್ಕಾರ ಅದನ್ನು ಸ್ವಯಂಪ್ರೇರಿತ ವಂತಿಗೆಯ ರೂಪದಲ್ಲಿ ಒಪ್ಪಿತು. ‘ಕೋಲ್ಡ್‌ಪ್ಲೇ’ ತಂಡ 2025ರ ತನ್ನ ಬ್ರಿಟನ್ ಕಾರ್ಯಕ್ರಮಗಳ ಆದಾಯದ ಶೇ 10ರಷ್ಟನ್ನು ಇದಕ್ಕೆಂದು ತೆಗೆದಿರಿಸಿತು. ಇದು ಭಿಕ್ಷೆಯಲ್ಲ. ಔಷಧ ಕಂಪೆನಿ ತನ್ನ ಲಾಭದ ಒಂದಂಶವನ್ನು ಸಂಶೋಧನೆಗೆ ಹಾಕುವಂತೆ, ನಾಳಿನ ಕ್ರೀಡಾಂಗಣ ತುಂಬಬಲ್ಲ ತಂಡ ಇಂದು ಎಂಬತ್ತು ಜನರೆದುರು ಹಾಡಿ ಕಲಿಯಲು ಹಾಕುವ ಬಂಡವಾಳ. ತೊಡಕಿರುವುದು ‘ಸ್ವಯಂಪ್ರೇರಿತ’ ಎಂಬ ಪದದಲ್ಲಿ. ಕಡ್ಡಾಯವಲ್ಲದ ವಂತಿಗೆಯನ್ನು ಉದಾರಿಗಳು ಕೊಡುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ.

ಇಂತಹ ನಿಧಿಯಿಂದ ಹೆಚ್ಚೇನೂ ಆಗಬೇಕಿಲ್ಲ. ಕಾರ್ಯಕ್ರಮ ಮುಗಿದ ರಾತ್ರಿ ತಂಡಕ್ಕೊಂದು ಹಾಸಿಗೆ ದೊರೆತರೂ ಸಾಕು. ಮುಂಜಾನೆ ಮೂರು ಗಂಟೆಗೆ ಹೆದ್ದಾರಿಯಲ್ಲಿರುವ ವ್ಯಾನುಗಳ ಸಂಖ್ಯೆ ಕಡಿಮೆಯಾಗುತ್ತದೆ. ಪ್ರವಾಸದಲ್ಲಿರುವ ಗುಮಾಸ್ತನಿಗೂ ರಾತ್ರಿ ತಂಗಲು ಭತ್ಯೆ ಸಲ್ಲುತ್ತದೆ. ಅದು ಸುಖದ ಮಾತಲ್ಲ. ಮರುದಿನ ಅವನು ಎಚ್ಚರದಿಂದ ಕೆಲಸ ಮಾಡಬೇಕೆಂಬ ಮಾತು.

ಬೂನ್ ಸತ್ತ ಮೇಲೆ ವಾಟ್ ಕುಗ್ಗಿಹೋಗಿದ್ದ. ಸಂಗೀತವನ್ನೇ ಬಿಡುವ ಮನಸ್ಸು ಮಾಡಿದ್ದ. ಓಹಾಯೊದಿಂದ ಬಂದ ಎಡ್ ಕ್ರಾಫರ್ಡ್ ಎಂಬ ಅಭಿಮಾನಿಯೊಬ್ಬ ಅವನನ್ನೂ ಹರ್ಲಿಯನ್ನೂ ಒತ್ತಾಯಿಸಿ ಮತ್ತೆ ನುಡಿಸಲು ಹಚ್ಚಿದ. 1986ರಲ್ಲಿ ‘ಫೈರ್‌ಹೋಸ್’ ಎಂಬ ಹೊಸ ತಂಡ ಹುಟ್ಟಿತು. ವಾಟ್ ಆಮೇಲೆ ದಶಕಗಳ ಕಾಲ ಅದೇ ಮಿತವ್ಯಯದ ರೀತಿಯಲ್ಲಿ, ವ್ಯಾನಿನಲ್ಲಿಯೇ, ಊರೂರು ಸುತ್ತಿ ನುಡಿಸಿದ. ತನ್ನ ಮುದ್ರಿಕೆಗಳನ್ನು ಅವನು ಡಿ. ಬೂನ್‌ನ ನೆನಪಿಗೆ ಅರ್ಪಿಸುತ್ತ ಬಂದಿದ್ದಾನೆ. ಯಾವ ಖಜಾನೆಯೂ ಭರಿಸಲಾಗದ ಬಿಲ್ಲುಗಳೂ ಉಂಟು. ಅವನ್ನು ಹೀಗೆ ಕಂತು ಕಂತಾಗಿ, ಜೀವನಪೂರ್ತಿ ತೀರಿಸುತ್ತಿರಬೇಕಾಗುತ್ತದೆ.