ಪೊಟ್ಟಣದ ಮೇಲಿನ ಇಂಗ್ಲಿಷ್

ಅಂಗಡಿಗೆ ಹೋದರೆ ಬೇಕಾಗುವ ಇಂಗ್ಲಿಷ್ ಕಲಿಸಿಕೊಡಿ ಎಂದು ನಮ್ಮ ಮಾವಳ್ಳಿಯ ಸ್ವಸಹಾಯ ಸಂಘದ ಹೆಂಗಸರು ಕೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಮಾತಿನ ಇಂಗ್ಲಿಷ್. ಮುರ್ಡೇಶ್ವರಕ್ಕೆ ಬರುವ ಪ್ರವಾಸಿಗರೊಡನೆ ನಾಲ್ಕು ಮಾತಾಡಬೇಕು, ಭಟ್ಕಳದ ದೊಡ್ಡ ಅಂಗಡಿಗಳಲ್ಲಿ ಹಿಂಜರಿಯಬಾರದು ಎಂಬ ಆಸೆ. ನಿವೃತ್ತಳಾದ ಅಕ್ಕೋರು, ಅಂದರೆ ಶಾಲಾ ಶಿಕ್ಷಕಿ, ನಾನು. ಆದರೆ ಪಾಠವನ್ನು ಓದಿನಿಂದಲೇ ಶುರುಮಾಡಿದೆ. ಭಟ್ಕಳದ ರವಿವಾರದ ಸಂತೆಯಲ್ಲಿ ಕನ್ನಡ, ಕೊಂಕಣಿ, ನವಾಯತಿ, ಉರ್ದು ಎಲ್ಲವೂ ನಡೆಯುತ್ತವೆ. ತಿಳಿಯದಿದ್ದರೆ ಎದುರಿಗಿರುವವರನ್ನು ಇನ್ನೊಮ್ಮೆ ಕೇಳಬಹುದು. ಪೊಟ್ಟಣವನ್ನು ಹಾಗೆ ಕೇಳಲು ಬರುವುದಿಲ್ಲ.

ಪೊಟ್ಟಣದಲ್ಲಿ ಇಂಗ್ಲಿಷ್ ತುಂಬಿರುವುದಕ್ಕೆ ಕಾನೂನೂ ಒಂದು ಕಾರಣ. 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ಬೆಲೆ, ತೂಕ, ತಯಾರಕರ ವಿಳಾಸ ಮೊದಲಾದ ವಿವರಗಳು ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿ ಇರಬೇಕು. ಬೇರೆ ಭಾಷೆ ಹೆಚ್ಚುವರಿಯಾಗಿ ಇರಬಹುದು, ಅಷ್ಟೇ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಅದಕ್ಕೂ ಮೊದಲು ಶಾಲೆ ಮುಗಿಸಿದವರು, ಅರ್ಧಕ್ಕೇ ಬಿಟ್ಟವರು ಮನೆಸಾಮಾನು ತರುವ ವಯಸ್ಸಿನಲ್ಲಿದ್ದಾರೆ. ಅವರಿಗೆ ಅಕ್ಷರ ಗೊತ್ತು, ಕೂಡಿಸಿ ಓದಲೂ ಬರುತ್ತದೆ, ಆದರೆ ಯಾವ ಪದವನ್ನು ಹುಡುಕಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ.

ಹಾಗಾಗಿ ಎಲ್ಲರೂ ಮನೆಯಿಂದ ಒಂದೊಂದು ಖಾಲಿ ಪೊಟ್ಟಣ, ಬಾಟಲಿ ತರಬೇಕು ಎಂದೆ. ಹೆಚ್ಚು ಚರ್ಚೆಯಾದದ್ದು ತೆಂಗಿನೆಣ್ಣೆಯದು. ಒಂದೇ ಬಣ್ಣದ, ಒಂದೇ ಆಕಾರದ ಎರಡು ಬಾಟಲಿ. ಎರಡರ ಮೇಲೂ ತೆಂಗಿನಕಾಯಿಯ ಚಿತ್ರ. "ಅಕ್ಕೋರೆ, ಇದು ತಿನ್ನೂದೋ, ತಲೆಗೆ ಹಚ್ಚೂದೋ?" ಎಂದು ಒಬ್ಬರು ಕೇಳಿದರು. ಹಿಂಬದಿ ತಿರುಗಿಸಿ ನೋಡಿದೆವು. ಒಂದರಲ್ಲಿ 'ಎಡಿಬಲ್' ಎಂದಿತ್ತು, ಅಂದರೆ ತಿನ್ನಲು ಯೋಗ್ಯ. ಜೊತೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಗುರುತು, ಅದರಡಿ ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆ. ಇನ್ನೊಂದರಲ್ಲಿ 'ಹೇರ್ ಆಯಿಲ್', 'ಫಾರ್ ಎಕ್ಸ್‌ಟರ್ನಲ್ ಯೂಸ್ ಓನ್ಲಿ' ಎಂದಿತ್ತು. ಅದು ಹಚ್ಚಲು ಮಾತ್ರ, ಬಾಯಿಗೆ ಹಾಕುವಂಥದ್ದಲ್ಲ. ಚಿಕ್ಕ ಬಾಟಲಿಯ ತೆಂಗಿನೆಣ್ಣೆ ಅಡುಗೆಯದೋ ಕೂದಲಿನದೋ ಎಂಬ ತೆರಿಗೆ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿ 2024ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು. ಅಂದಮೇಲೆ ಈ ಪ್ರಶ್ನೆ ಕೇಳಿದ ಹೆಂಗಸು ನಾಚಿಕೊಳ್ಳಬೇಕಾದ್ದು ಏನೂ ಇಲ್ಲ.

ಐಸ್‌ಕ್ರೀಮಿನ ಡಬ್ಬಿಯೂ ಹೀಗೇ. 'ಐಸ್‌ಕ್ರೀಮ್' ಎಂದಿದ್ದರೆ ಹಾಲಿನ ಕೊಬ್ಬು, 'ಫ್ರೋಜನ್ ಡೆಸರ್ಟ್' ಎಂದಿದ್ದರೆ ಅದರಲ್ಲಿರುವುದು ಸಾಮಾನ್ಯವಾಗಿ ಸಸ್ಯಜನ್ಯ ಎಣ್ಣೆ. ಎರಡನ್ನೂ ತಿನ್ನಬಹುದು, ಆದರೆ ಹಣ ಕೊಡುವವರಿಗೆ ಯಾವುದಕ್ಕೆ ಕೊಡುತ್ತಿದ್ದೇವೆ ಎಂಬುದು ಗೊತ್ತಿರಬೇಕು.

ದಿನಾಂಕದ ಪದಗಳನ್ನು ನಾನು ಬಿಡದೆ ಬಾಯಿಪಾಠ ಮಾಡಿಸುತ್ತೇನೆ. 'ಎಂಎಫ್‌ಜಿ' ಇದ್ದರೆ ತಯಾರಾದ ದಿನ, 'ಪಿಕೆಡಿ' ಇದ್ದರೆ ಪೊಟ್ಟಣ ಕಟ್ಟಿದ ದಿನ. 'ಯೂಸ್ ಬೈ', 'ಎಕ್ಸ್‌ಪೈರಿ' ಎಂದರೆ ಆ ದಿನದ ನಂತರ ಮುಟ್ಟಬಾರದು. 'ಬೆಸ್ಟ್ ಬಿಫೋರ್' ಎಂದರೆ ಅಷ್ಟರವರೆಗೆ ರುಚಿ, ಗುಣ ಚೆನ್ನಾಗಿರುತ್ತದೆ ಎಂದು. ತಾರೀಖನ್ನೇ ಹಾಕದೆ 'ಪ್ಯಾಕ್ ಮಾಡಿದಂದಿನಿಂದ ಆರು ತಿಂಗಳು' ಎಂದು ಬರೆದಿರುವುದೂ ಉಂಟು. ಆಗ ಬೆರಳು ಮಡಚಿ ಲೆಕ್ಕ ಹಾಕಲೇಬೇಕು. ದುಬೈಯಿಂದ ಬಂದವರು ಕೊಡುವ ಚಾಕೊಲೇಟು, ಹಾಲಿನಪುಡಿ ನಮ್ಮ ಕಡೆ ಮನೆಮನೆಯಲ್ಲೂ ಇರುತ್ತದಲ್ಲ, ಅವುಗಳ ಮೇಲೂ ಅರಬ್ಬಿಯ ಪಕ್ಕ ಇದೇ ಇಂಗ್ಲಿಷ್ ಪದಗಳಿರುತ್ತವೆ.

ಎಂಆರ್‌ಪಿ ಎಂಬುದು ಎಲ್ಲರ ಬಾಯಲ್ಲೂ ಇದೆ. ಅದರ ಮುಂದಿನ 'ಇನ್‌ಕ್ಲೂಸಿವ್ ಆಫ್ ಆಲ್ ಟ್ಯಾಕ್ಸಸ್' ಎಂಬ ಸಾಲನ್ನು ಓದುವವರು ಕಡಿಮೆ. ತೆರಿಗೆ ಎಲ್ಲ ಸೇರಿಯೇ ಆ ಬೆಲೆ ಎಂದು ಅದರ ಅರ್ಥ. ಜಿಎಸ್‌ಟಿ ಬೇರೆ ಎಂದು ಮೇಲೆ ಕೇಳುವಂತಿಲ್ಲ. ಅದು ಗರಿಷ್ಠ ಬೆಲೆ, ಆದ್ದರಿಂದ ಇಳಿಸಿ ಕೊಡಿ ಎಂದು ಚೌಕಾಶಿ ಮಾಡಲು ಅಡ್ಡಿಯಿಲ್ಲ. 'ನೆಟ್ ಕ್ವಾಂಟಿಟಿ' ಒಳಗಿನ ಸರಕಿನ ತೂಕ. ಹತ್ತು ರೂಪಾಯಿಯ ಬಿಸ್ಕತ್ತು ಹತ್ತು ರೂಪಾಯಿಗೇ ಉಳಿದು ತೂಕ ಮಾತ್ರ ಇಳಿದರೆ ಗೊತ್ತಾಗುವುದು ಅಲ್ಲಿಯೇ. ಈಗೀಗ ಒಂದು ಗ್ರಾಮಿಗೆ ಎಷ್ಟು ಬೀಳುತ್ತದೆ ಎಂದೂ ಅಚ್ಚು ಹಾಕಿರುತ್ತಾರೆ. ದೊಡ್ಡ ಪೊಟ್ಟಣ ಅಗ್ಗವೋ ಚಿಕ್ಕದೋ ಎಂಬುದಕ್ಕೆ ಅದನ್ನು ಹೋಲಿಸಿದರೆ ಸಾಕು.

ಮಾತಿನ ಪಾಠಕ್ಕೆ ಬಂದಾಗ ಕಷ್ಟವಾದದ್ದು ಸಂಖ್ಯೆ. ಹದಿನೈದಕ್ಕೂ ಐವತ್ತಕ್ಕೂ ಕನ್ನಡದಲ್ಲಿ ಗೊಂದಲವೇ ಇಲ್ಲ. ಫಿಫ್ಟೀನ್, ಫಿಫ್ಟಿ ಎಂದರೆ ಸಮುದ್ರದ ಗಾಳಿಗೆ ಎರಡೂ ಒಂದೇ ಆಗಿ ಕೇಳುತ್ತವೆ. ಬೊಂಡ (ಎಳನೀರು) ಮಾರುವವರಿಗೂ ಕುಡಿಯುವವರಿಗೂ ಇದರಿಂದ ಮನಸ್ತಾಪ. ಹದಿನೈದಾದರೆ ಕೊನೆಯ 'ಟೀನ್' ಎಳೆದು ಹೇಳಿ, ಐವತ್ತಾದರೆ 'ಫಿಫ್' ಒತ್ತಿ 'ಟಿ' ಮೊಟಕು ಮಾಡಿ ಎಂದು ಅಭ್ಯಾಸ ಮಾಡಿಸಿದೆ. ಆದರೂ ಅನುಮಾನವಿದ್ದರೆ 'ಫೈವ್ ಝೀರೋ' ಎಂದು ಅಂಕಿ ಬಿಡಿಸಿ ಹೇಳುವುದೇ ಒಳ್ಳೆಯದು. ಹಣ ಬಂದದ್ದನ್ನು ಕೂಗಿ ಹೇಳುವ ಡಬ್ಬಿಯನ್ನು ಮಾತ್ರ ಕನ್ನಡದಲ್ಲೇ ಇಟ್ಟುಕೊಳ್ಳಿ ಎಂದಿದ್ದೇನೆ. ದುಡಿಮೆಯ ದುಡ್ಡಿನ ಮೇಲೆ ಪಾಠದ ಪ್ರಯೋಗ ಬೇಡ. ಮೀನು ಮಾರುವವರು ತಮಗೆ ಬೇರೆ ಪಟ್ಟಿ ಬೇಕೆಂದರು. ಬಂಗಡೆ ಮ್ಯಾಕರೆಲ್, ತಾರ್ಲೆ ಸಾರ್ಡಿನ್, ಶೆಟ್ಲಿ ಪ್ರಾನ್ಸ್, ಇಸ್ವಾಣ ಕಿಂಗ್‌ಫಿಶ್. ಅದನ್ನು ಅವರು ನನಗಿಂತ ಬೇಗ ಕಲಿತರು.

ಬಿಲ್ಲಿನ ಕೆಳಗೆ 'ನೋ ಎಕ್ಸ್‌ಚೇಂಜ್, ನೋ ರಿಫಂಡ್' ಎಂದು ಅಚ್ಚಾಗಿದ್ದರೆ ಹೆದರಿ ಸುಮ್ಮನಾಗುವವರೇ ಹೆಚ್ಚು. ದೋಷವಿರುವ ವಸ್ತುವಿಗೆ ಆ ಸಾಲು ಲಾಗೂ ಆಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಅದನ್ನು ಹಿಂದಕ್ಕೆ ಪಡೆಯಲು ಒಪ್ಪದಿರುವುದು ಅನುಚಿತ ವ್ಯಾಪಾರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು.

ನಮ್ಮ ರಾಜ್ಯದಲ್ಲೇ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. ಮುಂದಿನ ಸಲ ಸಂಘದವರು ತರುವ ಪೊಟ್ಟಣಗಳಲ್ಲಿ ನಾವು ಮೊದಲು ನೋಡುವುದು, ಅದು ಎಲ್ಲಿ ತಯಾರಾಗಿದೆ ಮತ್ತು ಅದರ ಮೇಲೆ ಕನ್ನಡ ಇದೆಯೇ ಎಂಬುದನ್ನು.