ಹೊಸ ಬಾಲ್ ಪೈಥಾನ್ ಊಟ ಮಾಡ್ತಿಲ್ವಾ? ವಿಜಯವಾಡದ ಸೆಕೆ, ವೈಜಾಗ್‌ನ ತೇವದಲ್ಲಿ ಹಾವು ಸಾಕುವವರು ತಿಳಿಯಬೇಕಾದ್ದೇನು?

ವಿಶಾಖಪಟ್ಟಣಂ/ವಿಜಯವಾಡ: ನಾಯಿ, ಬೆಕ್ಕು, ಲವ್ ಬರ್ಡ್ಸ್ ಆಯಿತು, ಈಗ ಹಾವಿನ ಸರದಿ. ರೀಲ್ಸ್‌ನಲ್ಲಿ ಯಾರದೋ ಕೈಗೆ ಬಳೆಯಂತೆ ಸುತ್ತಿಕೊಂಡ ಬಾಲ್ ಪೈಥಾನ್ ನೋಡಿ, ತಮಗೂ ಒಂದು ಬೇಕು ಎನ್ನುವ ಆಸೆ ನಗರಗಳ ಯುವಕರಲ್ಲಿ ಹುಟ್ಟುತ್ತಿದೆ. ಆದರೆ ಮನೆಗೆ ಬಂದ ಹಾವು ಇಲಿಯನ್ನು ಮೂಸಿಯೂ ನೋಡುವುದಿಲ್ಲ. ಒಂದು ವಾರ ಕಳೆಯುತ್ತದೆ, ಎರಡು ವಾರ ಕಳೆಯುತ್ತದೆ. ಗಾಬರಿಯಾದ ಮಾಲೀಕರು ದಿನಕ್ಕೆ ನಾಲ್ಕು ಸಲ ಪೆಟ್ಟಿಗೆ ತೆರೆದು ನೋಡುತ್ತಾರೆ. ಹಾವು ಇನ್ನಷ್ಟು ಮುದುಡಿಕೊಳ್ಳುತ್ತದೆ. ಹೊಸದಾಗಿ ಬಂದ ಬಾಲ್ ಪೈಥಾನ್ ಉಪವಾಸ ಬೀಳುವುದಕ್ಕೆ ಬಹುತೇಕ ಕಾರಣ ಇದೇ.

ಊಟದ ಮಾತಿಗೆ ಮುನ್ನ ಕಾನೂನಿನ ಮಾತು ಆಗಬೇಕು. ಯಾಕೆಂದರೆ ಇಲ್ಲಿ ಎಡವಿದರೆ ಹಾವೂ ಉಳಿಯಲ್ಲ, ಮಾಲೀಕರಿಗೆ ಜೈಲೂ ತಪ್ಪಲ್ಲ.

ಯಾವ ಹಾವು ಸಾಕಬಹುದು?

ನಮ್ಮ ನೆಲದ ಯಾವ ಹಾವನ್ನೂ ಸಾಕುಪ್ರಾಣಿಯಂತೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ನಾಗರಹಾವು, ಕೇರೆಹಾವು, ಹೆಬ್ಬಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಭಾರತೀಯ ಹೆಬ್ಬಾವಿನಂತಹ ಮೊದಲ ಪರಿಚ್ಛೇದದ ಪ್ರಾಣಿಗಳ ವಿಷಯದಲ್ಲಿ ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ತೆಲುಗಿನಲ್ಲಿ 'ರೆಂಡು ತಲಲ ಪಾಮು', ಕನ್ನಡದಲ್ಲಿ ಎರಡು ತಲೆ ಹಾವು ಅಥವಾ ಮಣ್ಣುಮುಕ್ಕ ಎನ್ನುವ ಹಾವಿಗೂ ಇದೇ ರಕ್ಷಣೆಯಿದೆ. ಅದನ್ನು ಇಟ್ಟುಕೊಂಡರೆ ಲಕ್ಷ್ಮಿ ಒಲಿಯುತ್ತಾಳೆ ಎಂದು ಲಕ್ಷಗಟ್ಟಲೆ ಹೇಳಿ ಮಾರುವ ದಂಧೆ ಆಂಧ್ರದಲ್ಲೂ ಇದೆ, ಕರ್ನಾಟಕದಲ್ಲೂ ಇದೆ. ಅಸಲಿಗೆ ಅದಕ್ಕಿರುವುದು ಒಂದೇ ತಲೆ. ಮೊಂಡಾದ ಬಾಲ ನೋಡಲು ತಲೆಯಂತೆ ಕಾಣುತ್ತದೆ, ಅಷ್ಟೇ.

ಬಾಲ್ ಪೈಥಾನ್ ವಿದೇಶಿ ಹಾವು. ಘಾನಾ, ಟೋಗೊ, ಬೆನಿನ್ ಸೇರಿದಂತೆ ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಇದರ ತವರು. ಇದು ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ 'ಸೈಟ್ಸ್' ಪಟ್ಟಿಯಲ್ಲಿದೆ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಾಯ್ದೆಯ ಪ್ರಕಾರ ಇಂಥ ಪ್ರಾಣಿಗಳನ್ನು ಹೊಂದಿರುವವರು ನೋಂದಣಿ ಮಾಡಿಸಲೇಬೇಕು. ಇದಕ್ಕಾಗಿ 2024ರ ಫೆಬ್ರವರಿ 28ರಂದು ಕೇಂದ್ರ ಸರ್ಕಾರ ನಿಯಮ ಹೊರಡಿಸಿತು. ಮೊದಲೇ ಸಾಕುತ್ತಿದ್ದವರಿಗೆ ಕೊಟ್ಟಿದ್ದ 6 ತಿಂಗಳ ಗಡುವು ಅದೇ ವರ್ಷ ಆಗಸ್ಟ್‌ನಲ್ಲಿ ಮುಗಿದಿದೆ. ಹೊಸದಾಗಿ ಪಡೆದವರು 30 ದಿನದೊಳಗೆ 'ಪರಿವೇಶ್ 2.0' ಪೋರ್ಟಲ್ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರಿಗೆ ಅರ್ಜಿ ಹಾಕಬೇಕು. ಹಾವು ಮರಿ ಹಾಕಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು.

ಹೀಗಾಗಿ ಮಾರುವವರ ಬಳಿ ಮೊದಲು ಕೇಳಬೇಕಾದ್ದು ಬೆಲೆಯಲ್ಲ, ದಾಖಲೆ. 'ಪೇಪರ್ ಆಮೇಲೆ ಕೊಡ್ತೀವಿ' ಎಂದರೆ ಅಲ್ಲಿಂದ ಹೊರಡುವುದೇ ಸರಿ. ದಾಖಲೆಯಿಲ್ಲದ ಹಾವು ಎಲ್ಲಿಂದ ಬಂದಿರಬಹುದು ಎನ್ನುವುದಕ್ಕೆ ಬೆಂಗಳೂರಿನ ಉದಾಹರಣೆ ಸಾಕು. 2023ರ ಸೆಪ್ಟೆಂಬರ್‌ನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜ್ ತೆರೆದಾಗ ಸಿಕ್ಕಿದ್ದು 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ. ಜೊತೆಗಿದ್ದ 6 ಕ್ಯಾಪುಚಿನ್ ಕೋತಿಗಳು ಸತ್ತೇಹೋಗಿದ್ದವು. 2024ರ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ 10 ಹಳದಿ ಅನಕೊಂಡ ಸಿಕ್ಕವು. ವಿಶಾಖಪಟ್ಟಣಂ ಕೂಡ ಹೊರತಲ್ಲ. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಥಾಯ್ಲೆಂಡ್‌ನಿಂದ ಕೇಕ್ ಪ್ಯಾಕೆಟ್‌ನಲ್ಲಿ ಅಡಗಿಸಿ ತಂದ 6 ನೀಲಿ ನಾಲಿಗೆಯ ಹಲ್ಲಿಗಳನ್ನು ವಶಪಡಿಸಿಕೊಳ್ಳಲಾಗಿತ್ತು. ಗಾಳಿ, ನೀರಿಲ್ಲದೆ ಸೂಟ್‌ಕೇಸ್‌ನಲ್ಲಿ ಬಂದ ಪ್ರಾಣಿ ಹೊಸ ಮನೆಯಲ್ಲಿ ಊಟ ಬಿಟ್ಟರೆ ಆಶ್ಚರ್ಯವೇನಿಲ್ಲ.

ಮೊದಲ ವಾರ ಮುಟ್ಟಲೇಬೇಡಿ

ಆಫ್ರಿಕಾದಲ್ಲಿ ಬಾಲ್ ಪೈಥಾನ್ ಹಗಲೆಲ್ಲ ಇಲಿಯ ಬಿಲ ಅಥವಾ ಗೆದ್ದಲಿನ ಹುತ್ತದೊಳಗೆ ಇರುತ್ತದೆ. ಕತ್ತಲಾದ ಮೇಲೆ ಹೊರಬರುತ್ತದೆ. ಹೆದರಿದರೆ ತಲೆಯನ್ನು ನಡುವೆ ಇಟ್ಟು ಚೆಂಡಿನಂತೆ ಸುರುಳಿ ಸುತ್ತಿಕೊಳ್ಳುತ್ತದೆ, ಹೆಸರು ಬಂದಿದ್ದೂ ಅದರಿಂದಲೇ. ಇಂಥ ಸಂಕೋಚದ ಜೀವಿಯನ್ನು ನಾಲ್ಕೂ ಕಡೆ ಗಾಜಿರುವ ದೊಡ್ಡ ತೊಟ್ಟಿಯಲ್ಲಿ ಹಾಕಿ, ಟಿವಿ ಪಕ್ಕ ಇಟ್ಟರೆ ಅದಕ್ಕೆ ಬಯಲಿನಲ್ಲಿ ಬಿಟ್ಟಂತಾಗುತ್ತದೆ.

ಪೆಟ್ಟಿಗೆಯ ಬಿಸಿ ಬದಿಯಲ್ಲಿ ಒಂದು, ತಂಪು ಬದಿಯಲ್ಲಿ ಒಂದು, ಹೀಗೆ ಎರಡು ಅಡಗುತಾಣ ಬೇಕು. ಮೈ ಎರಡೂ ಕಡೆ ತಾಗುವಷ್ಟು ಇಕ್ಕಟ್ಟಾಗಿರಬೇಕು. ಹಾವು ಮೈ ಮುಳುಗಿಸುವಷ್ಟು ಅಗಲದ, ಸುಲಭಕ್ಕೆ ಮಗುಚದ ನೀರಿನ ಬಟ್ಟಲಿಡಿ. ಗಾಜಿನ ಮೂರು ಬದಿಗೆ ಕಾಗದ ಅಂಟಿಸಿ. ನಂತರ ಕನಿಷ್ಠ 5ರಿಂದ 7 ದಿನ ಅದನ್ನು ಎತ್ತಬೇಡಿ, ಊಟ ಕೊಡಬೇಡಿ, ಫೋಟೊಗಾಗಿ ಹೊರತೆಗೆಯಬೇಡಿ. ನೀರು ಬದಲಿಸಲು, ಕೊಳೆ ತೆಗೆಯಲು ಮಾತ್ರ ಕೈ ಹಾಕಿ. ನೆಂಟರು ನೋಡಲು ಬಂದರೆ ಮುಂದಿನ ತಿಂಗಳು ಬನ್ನಿ ಎನ್ನಿ.

ಎರಡು ಊರು, ಎರಡು ಸಮಸ್ಯೆ

ಹಾವು ಸಾಕುವ ಬಹುತೇಕ ಸಲಹೆಗಳು ಅಮೆರಿಕ, ಯುರೋಪಿನ ಚಳಿ ಮನೆಗಳಿಗೆ ಬರೆದವು. ಅಲ್ಲಿ ಚಿಂತೆ ಬಿಸಿ ಮಾಡುವುದು ಹೇಗೆ ಎಂದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಜನರೇ 'ಬ್ಲೇಜ್‌ವಾಡ' ಎಂದು ಕರೆಯುವ ವಿಜಯವಾಡದಲ್ಲಿ ಚಿಂತೆ ಉಲ್ಟಾ.

ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಒಂದು ಬದಿ 31ರಿಂದ 33 ಡಿಗ್ರಿ, ಇನ್ನೊಂದು ಬದಿ 25ರಿಂದ 27 ಡಿಗ್ರಿ ಇರಬೇಕು. ಹಾವು ತನಗೆ ಬೇಕಾದ ಕಡೆ ಸರಿದುಕೊಂಡು ಮೈಯ ಶಾಖ ಹೊಂದಿಸಿಕೊಳ್ಳುತ್ತದೆ. ಇಡೀ ಕೋಣೆಯೇ 38 ಡಿಗ್ರಿ ಇದ್ದರೆ ಸರಿದುಕೊಳ್ಳಲು ಜಾಗವೇ ಇರುವುದಿಲ್ಲ. ಮೇ ತಿಂಗಳ ವಿಜಯವಾಡದಲ್ಲಿ ಮಹಡಿಯ ಮೇಲಿನ, ಪಶ್ಚಿಮಕ್ಕೆ ಗೋಡೆಯಿರುವ ಕೋಣೆ ಹಾವಿಗೆ ಪ್ರಾಣಾಪಾಯ. ಎಸಿ ಹಾಕಿದರೆ ಸೆಕೆ ತಗ್ಗುತ್ತದೆ, ಆದರೆ ಗಾಳಿ ಒಣಗುತ್ತದೆ. ಆಗ ಪೊರೆ ಪೂರ್ತಿ ಕಳಚದೆ ಕಣ್ಣಿನ ಮೇಲೆ, ಬಾಲದ ತುದಿಯಲ್ಲಿ ಉಳಿದುಬಿಡುತ್ತದೆ. ಒಂದು ಅಡಗುತಾಣದೊಳಗೆ ಒದ್ದೆ ಮಾಡಿ ಹಿಂಡಿದ ತೆಂಗಿನ ನಾರಿನ ಪುಡಿ ಇಟ್ಟರೆ ಇದಕ್ಕೆ ಪರಿಹಾರ. ಕರೆಂಟ್ ಹೋದರೆ ಏನು ಮಾಡುವುದು ಎಂದು ಹಾವು ತರುವ ಮೊದಲೇ ಯೋಚಿಸಬೇಕು.

ಸಮುದ್ರದ ದಡದ ವೈಜಾಗ್‌ನಲ್ಲಿ ತೇವಕ್ಕೆ ಬರವಿಲ್ಲ. ಹಾವಿಗೆ ಶೇ 55ರಿಂದ 70ರಷ್ಟು ಆರ್ದ್ರತೆ ಸಾಕು. ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚಿನ ತೇವ, ಮುಚ್ಚಿದ ಪೆಟ್ಟಿಗೆ, ಬದಲಿಸದ ಹಾಸು ಮೂರೂ ಸೇರಿದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ, ಉಸಿರಾಟದ ಸೋಂಕು ಬರುತ್ತದೆ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ ಬರುವುದು ಅದರ ಲಕ್ಷಣ. ಗಾಳಿಯಾಡಲು ತೂತು, ನೀರು ಹೀರುವ ಕಾಗದದ ಹಾಸು ಇಲ್ಲಿ ಮುಖ್ಯ. ಚಳಿಗಾಲದ ರಾತ್ರಿ ಹೀಟ್ ಮ್ಯಾಟ್ ಬಳಸುವುದಾದರೆ ಥರ್ಮೋಸ್ಟಾಟ್ ಇಲ್ಲದೆ ಬಳಸಲೇಬಾರದು. ಅಕ್ವೇರಿಯಂಗೆ ಅಂಟಿಸುವ ಥರ್ಮಾಮೀಟರ್ ನಂಬಬೇಡಿ, ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್ ತನ್ನಿ.

ಏನು ತಿನ್ನಿಸಬೇಕು, ಹೇಗೆ?

ಇಲಿ. ಇಡೀ ಇಲಿ. ಕೋಳಿ ಅಂಗಡಿಯ ಮಾಂಸದ ತುಂಡಿನಲ್ಲಿ ಮೂಳೆ, ಯಕೃತ್ತಿನಿಂದ ಸಿಗುವ ಕ್ಯಾಲ್ಸಿಯಂ, ವಿಟಮಿನ್ ಸಿಗುವುದಿಲ್ಲ. ಮನೆಯಲ್ಲಿ ಬಲೆಗೆ ಬಿದ್ದ ಇಲಿಯೂ ಬೇಡ, ಅದು ಇಲಿ ಪಾಷಾಣ ತಿಂದಿರಬಹುದು. ಇನ್ನು ಹಾಲು: ನಾಗರ ಪಂಚಮಿಗೆ ನಾವು, ದೀಪಾವಳಿ ನಂತರದ ನಾಗುಲ ಚವಿತಿಗೆ ಆಂಧ್ರದವರು ಹುತ್ತಕ್ಕೆ ಹಾಲೆರೆಯುತ್ತೇವೆ. ಅದು ಭಕ್ತಿಯ ವಿಷಯ. ಹಾವಿನ ಹೊಟ್ಟೆಗೆ ಹಾಲು ಜೀರ್ಣವಾಗುವುದಿಲ್ಲ.

ಇಲಿಯ ಗಾತ್ರ ಹಾವಿನ ದೇಹದ ಅತಿ ದಪ್ಪ ಭಾಗದಷ್ಟಿರಲಿ. ಮರಿಗೆ ವಾರಕ್ಕೊಮ್ಮೆ, ಬೆಳೆದ ಹಾವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಸಾಕು. ಜೀವಂತ ಇಲಿ ಬಿಟ್ಟು ಮಲಗಿದರೆ ಬೆಳಗ್ಗೆ ಗಾಯಗೊಂಡಿರುವುದು ಹಾವೇ ಆಗಿರಬಹುದು. ಹಸಿದ ಇಲಿ ಹಾವಿನ ಬೆನ್ನನ್ನೇ ಕಚ್ಚಿ ತಿಂದ ಉದಾಹರಣೆಗಳಿವೆ. ಫ್ರೀಜ್ ಮಾಡಿದ ಇಲಿಯನ್ನು ರಾತ್ರಿಯಿಡೀ ಫ್ರಿಜ್‌ನ ಕೆಳಭಾಗದಲ್ಲಿಟ್ಟು ಕರಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿಡಿ. ಮೈಕ್ರೋವೇವ್ ಬೇಡ. ಬಾಲ್ ಪೈಥಾನ್‌ನ ತುಟಿಯಲ್ಲಿ ಶಾಖ ಗ್ರಹಿಸುವ ಕುಳಿಗಳಿವೆ. ಇಲಿ ಬೆಚ್ಚಗಿದ್ದರೆ ಮಾತ್ರ ಅದಕ್ಕೆ ಆಹಾರವೆಂದು ತಿಳಿಯುತ್ತದೆ. ಸಂಜೆ ದೀಪ ಆರಿಸಿದ ಮೇಲೆ ಉದ್ದನೆಯ ಇಕ್ಕಳದಲ್ಲಿ ಹಿಡಿದು ಅಡಗುತಾಣದ ಬಾಯಿಯ ಬಳಿ ಒಯ್ಯಿರಿ. ತಿನ್ನದಿದ್ದರೆ ಅಲ್ಲೇ ಬಿಟ್ಟು ಕೋಣೆಯಿಂದ ಹೊರಬನ್ನಿ. ಬೆಳಗ್ಗೆಯೂ ಹಾಗೇ ಇದ್ದರೆ ಎಸೆಯಿರಿ, ಒಂದು ವಾರ ಬಿಟ್ಟು ಮತ್ತೆ ಪ್ರಯತ್ನಿಸಿ. ಪ್ರತಿದಿನ ಒಡ್ಡಿದರೆ ಹಾವು ಇನ್ನಷ್ಟು ಹಠ ಹಿಡಿಯುತ್ತದೆ. ತಿಂದರೆ 48 ಗಂಟೆ ಮುಟ್ಟಬೇಡಿ. ವಾಂತಿ ಮಾಡಿಕೊಂಡರೆ ಎರಡು ವಾರ ಹೊಟ್ಟೆಗೆ ವಿಶ್ರಾಂತಿ ಕೊಡಿ.

ಕಣ್ಣು ನೀಲಿಯಾಗಿ ಮಬ್ಬಾಗಿದ್ದರೆ ಪೊರೆ ಬಿಡುವ ಸಮಯ, ಆಗ ಊಟ ಬಿಡುವುದು ಸಹಜ. ಆರೋಗ್ಯವಾಗಿರುವ ದೊಡ್ಡ ಹಾವು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ದಿನ ಎಣಿಸುವ ಬದಲು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ತೂಕ ಶೇ 10ರಷ್ಟು ಇಳಿದರೆ, ಬೆನ್ನೆಲುಬು ಏಣಿನಂತೆ ಕಂಡರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಸರೀಸೃಪ ನೋಡುವ ವೈದ್ಯರು ಎಲ್ಲ ಊರಲ್ಲೂ ಸಿಗುವುದಿಲ್ಲ. ಅವರನ್ನು ಹುಡುಕಿಟ್ಟುಕೊಂಡೇ ಹಾವು ತರುವುದು ಒಳ್ಳೆಯದು.

ಹಾವಿನ ಮೈಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು, 5 ವರ್ಷದೊಳಗಿನ ಮಕ್ಕಳು ಮತ್ತು ಗರ್ಭಿಣಿಯರಿಂದ ದೂರವಿಡಬೇಕು.

ಚೆನ್ನಾಗಿ ನೋಡಿಕೊಂಡರೆ ಬಾಲ್ ಪೈಥಾನ್ 20ರಿಂದ 30 ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಹೆಣ್ಣೊಂದು 2020ರಲ್ಲಿ ಗಂಡಿನ ಸಂಗವಿಲ್ಲದೆ ಮೊಟ್ಟೆಯಿಟ್ಟು ಸುದ್ದಿಯಾಗಿತ್ತು. ಕಾಲೇಜು ಓದುವಾಗ ತಂದ ಹಾವು ಮದುವೆ, ವರ್ಗಾವಣೆ, ಮಕ್ಕಳ ಶಾಲೆಯವರೆಗೂ ಜೊತೆಗಿರುತ್ತದೆ. ಸಾಕಲಾಗದಿದ್ದರೆ ಕಂಬಾಲಕೊಂಡ ಕಾಡಿಗೋ ಕೃಷ್ಣಾ ನದಿ ದಂಡೆಗೋ ಬಿಟ್ಟುಬರುವುದು ಉತ್ತರವಲ್ಲ. ಹಾಗೆ ಸಾಕಿ ಬಿಟ್ಟ ಬರ್ಮೀಸ್ ಹೆಬ್ಬಾವುಗಳೇ ಫ್ಲೋರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಸ್ಥಳೀಯ ಪ್ರಾಣಿಗಳನ್ನು ನುಂಗಿ ಹಾಕುತ್ತಿವೆ. ಅರಣ್ಯ ಇಲಾಖೆಗೆ ತಿಳಿಸಿ, ದಾಖಲೆ ಸಮೇತ ನೋಂದಾಯಿತ ವ್ಯಕ್ತಿಗೆ ಹಸ್ತಾಂತರಿಸಲು ನಿಯಮದಲ್ಲಿ ಅವಕಾಶವಿದೆ.