ಕಡಲಾಚೆಯ ಗೆಡ್ಡೆಗಳು

ಹೊರನಾಡುಗಳಿಂದ ಬಂದ ಹೂಗಳಲ್ಲಿ ಸುಗಂಧರಾಜದಷ್ಟು ನಮ್ಮದೇ ಆಗಿಹೋದ ಹೂಗಳು ವಿರಳ. ಮದುವೆಯ ಹಾರದಲ್ಲಿ ಅದುಂಟು, ಸಭೆಯ ವೇದಿಕೆಯಲ್ಲಿ ಅದುಂಟು, ಕೊನೆಯ ಯಾತ್ರೆಯಲ್ಲಿಯೂ ಅದುಂಟು. ಹೆಸರಂತೂ ಅಚ್ಚ ಸಂಸ್ಕೃತ. ಆದರೂ ಪುಷ್ಪರಗಳೆಯನ್ನು ರಚಿಸಿದ ಹರಿಹರನಿಗೆ ಈ ಹೂವಿನ ಪರಿಚಯವಿದ್ದಿರಲು ಸಾಧ್ಯವಿಲ್ಲ. ಅದರ ತವರು ಮೆಕ್ಸಿಕೋ. ಕೊಲಂಬಸನು 1492ರಲ್ಲಿ ಅಮೆರಿಕದ ದಾರಿಯನ್ನು ತೆರೆದ ಮೇಲೆಯೇ ಅದು ಸಮುದ್ರ ದಾಟಿ ಈ ಕಡೆಗೆ ಬಂದದ್ದು. ಅಲ್ಲಿಯ ಆಜ್‌ಟೆಕ್ ಜನರು ಅದನ್ನು ತಮ್ಮ ಭಾಷೆಯಲ್ಲಿ ‘ಎಲುಬಿನ ಹೂ’ ಎಂದು ಕರೆಯುತ್ತಿದ್ದರು. ಬಿಳುಪನ್ನು ಕಂಡು ಇಟ್ಟ ಹೆಸರಿರಬೇಕು. ನಮ್ಮವರು ಬಣ್ಣವನ್ನು ಬಿಟ್ಟು ಪರಿಮಳವನ್ನು ಹಿಡಿದರು. ಹೆಸರಿಡುವುದರಲ್ಲಿ ನಮ್ಮವರೇ ಹೆಚ್ಚು ರಸಿಕರೆಂಬುದು ಕನ್ನಡ ಮೇಷ್ಟರೊಬ್ಬನ ಪಕ್ಷಪಾತದ ತೀರ್ಪು.

ಇಷ್ಟು ದೂರದ ಹೂ ಇಲ್ಲಿ ಇಷ್ಟು ಸಲೀಸಾಗಿ ಒಗ್ಗಿಕೊಂಡದ್ದಾದರೂ ಹೇಗೆ? ಮೆಕ್ಸಿಕೋದಲ್ಲಿಯೂ ಬೇಸಗೆಯ ಬೆನ್ನಿಗೆ ಮಳೆ, ಚಳಿಗಾಲದಲ್ಲಿ ಒಣಹವೆ. ನಮ್ಮ ಪಂಚಾಂಗವೂ ಅದರ ಪಂಚಾಂಗವೂ ಬಹುಮಟ್ಟಿಗೆ ಒಂದೇ. ಪರದೇಶದ ಗೆಡ್ಡೆಯನ್ನು ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ತವರಿನಲ್ಲಿ ಇದು ಯಾವಾಗ ನೀರು ಕುಡಿಯುತ್ತದೆ, ಯಾವಾಗ ಮಲಗುತ್ತದೆ? ಹೂವಿನ ಬಣ್ಣವನ್ನು ವಿಚಾರಿಸುವುದು ಆಮೇಲೆ.

ಈ ಪ್ರಶ್ನೆಯನ್ನು ಕೇಳದವರ ಪಾಡು ಏನಾಗುತ್ತದೆಂಬುದಕ್ಕೆ ಟ್ಯೂಲಿಪ್ ಹೂವಿಗಿಂತ ಬೇರೆ ಸಾಕ್ಷಿ ಬೇಡ. ಅದರ ಮೂಲಸ್ಥಾನ ಮಧ್ಯ ಏಷ್ಯಾದ ಪರ್ವತಗಳು. ತುರ್ಕಿಯ ಸುಲ್ತಾನರ ಉದ್ಯಾನಗಳಲ್ಲಿ ಮೆರೆದು ಅದು ಯೂರೋಪಿಗೆ ಹೋಯಿತು. 1593ರಲ್ಲಿ ಹಾಲೆಂಡಿನ ಲೈಡನ್ ನಗರಕ್ಕೆ ಬಂದ ಸಸ್ಯವಿಜ್ಞಾನಿ ಕ್ಲೂಸಿಯಸ್ ಅದನ್ನು ಅಲ್ಲಿಯ ವಿಶ್ವವಿದ್ಯಾಲಯದ ತೋಟದಲ್ಲಿ ನೆಟ್ಟನು. ಮುಂದೆ ಅಲ್ಲಿ ಗೆಡ್ಡೆಯ ವ್ಯಾಪಾರವೇ ಜೂಜಾಗಿ, 1637ರ ಫೆಬ್ರವರಿಯಲ್ಲಿ ಬೆಲೆಗಳು ಒಮ್ಮೆಲೇ ಕುಸಿದ ಕಥೆ ಪ್ರಸಿದ್ಧವಾದುದು. ನಮಗೆ ಬೇಕಾದ ಸಂಗತಿ ಬೇರೆ. ಟ್ಯೂಲಿಪ್ಪಿನ ಗೆಡ್ಡೆ ಸುಮಾರು ಮೂರು ತಿಂಗಳ ಕಾಲ ಒಂಬತ್ತು ಡಿಗ್ರಿಗಿಂತ ಕಡಿಮೆ ತಾಪದ ಚಳಿಯನ್ನು ಉಣ್ಣದಿದ್ದರೆ ಅದರ ಹೂದಂಟು ನೆಟ್ಟಗೆ ನೀಳವಾಗಿ ಏಳುವುದಿಲ್ಲ. ಬೆಂಗಳೂರಿನ ಜನವರಿ ರಾತ್ರಿಗಳ ಸರಾಸರಿ ತಾಪವೇ ಹದಿನೈದು ಡಿಗ್ರಿಯ ಆಸುಪಾಸು! ಶ್ರೀನಗರದಲ್ಲಿ ದಾಲ್ ಸರೋವರದ ಬಳಿ, ಜಬರ್ವಾನ್ ಬೆಟ್ಟಗಳ ತಪ್ಪಲಲ್ಲಿ ಇರುವ ಟ್ಯೂಲಿಪ್ ಉದ್ಯಾನ ಪ್ರತಿ ವಸಂತದಲ್ಲಿಯೂ ಅರಳುವುದಕ್ಕೆ ಕಾಶ್ಮೀರದ ಹಿಮವೇ ಕಾರಣ. ಆ ಹಿಮವನ್ನು ಅಂಚೆಯಲ್ಲಿ ತರಿಸಿಕೊಳ್ಳಲು ಬಾರದು.

ನನ್ನ ಸಹೋದ್ಯೋಗಿಗಳಾದ ಗಣಿತದ ಅಧ್ಯಾಪಕರೊಬ್ಬರು ಒಂದು ಡಜನ್ ಟ್ಯೂಲಿಪ್ ಗೆಡ್ಡೆಗಳನ್ನು ಬಣ್ಣದ ಚಿತ್ರವನ್ನು ನಂಬಿ ತರಿಸಿದರು. ಮೊದಲೇ ಶೀತಗೃಹದಲ್ಲಿಟ್ಟು ಕಳುಹಿಸಿದ ಗೆಡ್ಡೆಗಳಾದ ಕಾರಣ ಮೂರು ಹೂಗಳು ಮಣ್ಣಿಗೆ ಅಂಟಿಕೊಂಡಂತೆ ಅರಳಿದವು. ಮಿಕ್ಕವು ಎಲೆ ತೋರಿಸಿ ಕೊಳೆತವು. “ಲೆಕ್ಕ ಹಾಕಿದೆ ಮೇಷ್ಟ್ರೇ, ಹೂವೊಂದಕ್ಕೆ ಬಿದ್ದ ಖರ್ಚಿನಲ್ಲಿ ವರ್ಷವಿಡೀ ದೇವರಿಗೆ ಮಲ್ಲಿಗೆ ಏರಿಸಬಹುದಿತ್ತು” ಎಂದರು. ಅವರ ಮನೆಯಾಕೆ ಆ ಕುಂಡಗಳಲ್ಲಿ ಕೊತ್ತಂಬರಿ ಬಿತ್ತಿದ್ದಾರೆ. ಅದು ಸೊಗಸಾಗಿ ಬಂದಿದೆ. ಶೀತಗೃಹದ ಗೆಡ್ಡೆ ಇಲ್ಲಿ ಒಂದು ಸಲ ಹೂ ಕೊಟ್ಟರೂ ಮರುವರ್ಷಕ್ಕೆ ನಿಲ್ಲದು. ಅದನ್ನು ಹೂವಿನ ಗೊಂಚಲನ್ನು ಕೊಂಡಂತೆ ಕೊಳ್ಳಬಹುದೇ ಹೊರತು ಗಿಡವನ್ನು ಕೊಂಡಂತೆ ಅಲ್ಲ.

ಗೆಡ್ಡೆ ಎಂದರೆ ಏನೆಂಬುದನ್ನು ಅರಿಯಲು ಅಡಿಗೆಮನೆಯ ಈರುಳ್ಳಿ ಸಾಕು. ಉದ್ದಕ್ಕೆ ಸೀಳಿ ನೋಡಿದರೆ ಪದರ ಪದರವಾಗಿ ಕಾಣುವವೆಲ್ಲ ಆಹಾರವನ್ನು ತುಂಬಿಕೊಂಡು ದಪ್ಪಗಾದ ಎಲೆಯ ಬುಡಗಳು. ಅಡಿಯ ತಟ್ಟೆಯಂಥ ಭಾಗವೇ ಕಾಂಡ. ಹೂಗಿಡದ ಗೆಡ್ಡೆಯಲ್ಲಿ ಈ ಪದರಗಳ ನಡುವೆ ಮುಂದೆ ಅರಳಬೇಕಾದ ಹೂಮೊಗ್ಗು ತಿಂಗಳುಗಟ್ಟಲೆ ಮೊದಲೇ ರೂಪುಗೊಂಡಿರುತ್ತದೆ. ನಮ್ಮ ಹಳೆಯ ಮನೆಗಳ ಅಂಗಳದಲ್ಲಿ ಮಾರ್ಚ್-ಏಪ್ರಿಲ್ ತಿಂಗಳಲ್ಲಿ ದೊಡ್ಡ ಕಹಳೆಗಳಂತೆ ಅರಳುವ ಕೆಂಪು ಲಿಲ್ಲಿಯನ್ನು ನೋಡಿರಿ. ಅದು ಸಾಮಾನ್ಯವಾಗಿ ನಾಲ್ಕು ಎಲೆಗಳಿಗೆ ಒಂದರಂತೆ ಹೂಮೊಗ್ಗನ್ನು ಒಳಗೆ ಕಟ್ಟುತ್ತದೆ. ಆದುದರಿಂದ ಎಲೆ ಕಳೆದುಕೊಂಡ ಗಿಡ ಹೂವನ್ನೂ ಕಳೆದುಕೊಂಡಿತೆಂದೇ ತಿಳಿಯಬೇಕು. ಹೂ ಬಾಡಿದ ಮೇಲೆ ತೋಟ ಅಚ್ಚುಕಟ್ಟಾಗಿ ಕಾಣಲೆಂದು ಎಲೆಗಳನ್ನು ಕತ್ತರಿಸುವವರು, ಅವುಗಳನ್ನು ಜಡೆಯಂತೆ ಹೆಣೆದು ಗಂಟು ಹಾಕುವವರು, ಬರುವ ವರ್ಷದ ಹೂವನ್ನು ಈ ವರ್ಷವೇ ಕೊಯ್ದಂತೆ. ಬಾಡಿದ ಹೂವಿನ ದಂಟನ್ನು ಮಾತ್ರ ತೆಗೆಯಿರಿ. ಎಲೆ ತಾನಾಗಿ ಹಳದಿಯಾಗುವ ತನಕ ಅದರ ಗೋಜಿಗೆ ಹೋಗಬೇಡಿ.

ಈ ಕೆಂಪು ಲಿಲ್ಲಿಯನ್ನು ಅಂಗಡಿಯವರು ಅಮರಿಲ್ಲಿಸ್ ಎಂದು ಮಾರುತ್ತಾರೆ. ನಿಜವಾದ ಅಮರಿಲ್ಲಿಸ್ ದಕ್ಷಿಣ ಆಫ್ರಿಕದ್ದು. ನಮ್ಮ ಅಂಗಳದ್ದು ದಕ್ಷಿಣ ಅಮೆರಿಕದ ಹಿಪ್ಪಿಯಾಸ್ಟ್ರಂ ಕುಲಕ್ಕೆ ಸೇರಿದ್ದು. ಇದರ ಮೊದಲ ಮಿಶ್ರತಳಿಯನ್ನು 1799ರಲ್ಲಿ ಪಡೆದ ಇಂಗ್ಲೆಂಡಿನ ಆರ್ಥರ್ ಜಾನ್‌ಸನ್ ವೃತ್ತಿಯಿಂದ ಗಡಿಯಾರ ತಯಾರಿಸುವವನು ಎಂದರೆ ಆಶ್ಚರ್ಯವಾಗುತ್ತದೆ. ಆದರೆ ಸಣ್ಣ ಚಿಮುಟಿಗೆಯಿಂದ ಪರಾಗವನ್ನು ಎತ್ತುವ ಕೈ ಅವನದಲ್ಲದೆ ಇನ್ನಾರದಾಗಬೇಕು?

ಇದನ್ನು ಬೆಳೆಸುವ ಕ್ರಮ ಸುಲಭವಾದುದು. ಕೆಂಪುಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಮರಳು ಇವುಗಳನ್ನು ಸಮಭಾಗವಾಗಿ ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿಯನ್ನೂ ಒಂದು ಹಿಡಿ ಮೂಳೆಪುಡಿಯನ್ನೂ ಸೇರಿಸಬೇಕು. ಕುಂಡದ ತಳದ ರಂಧ್ರದ ಮೇಲೆ ಹಂಚಿನ ಚೂರನ್ನಿಟ್ಟು ಈ ಮಣ್ಣನ್ನು ತುಂಬಿ, ಗೆಡ್ಡೆಯ ಕತ್ತು ಮತ್ತು ಹೆಗಲು ಮಣ್ಣಿನಿಂದ ಮೇಲೆ ಕಾಣುವಂತೆ ನೆಡಬೇಕು. ಪೂರ್ತಿ ಹೂತರೆ ಕೊಳೆಯುವ ಭಯವುಂಟು. ಮಳೆಗಾಲವಿಡೀ ಎಲೆ ಬೆಳೆಯಲಿ; ಗೊಬ್ಬರ ಕೊಡುವ ಕಾಲವೂ ಅದೇ. ದೀಪಾವಳಿ ಕಳೆದ ಮೇಲೆ ನೀರನ್ನು ಕ್ರಮೇಣ ಕಡಿಮೆ ಮಾಡಿ, ಕುಂಡವನ್ನು ಮಳೆ ತಾಗದ ಕಡೆ ಎಂಟು-ಹತ್ತು ವಾರ ಒಣಗಬಿಡಬೇಕು. ಈ ಉಪವಾಸವನ್ನು ನೋಡಲಾರದೆ ದಿನವೂ ಚೊಂಬು ನೀರೆರೆಯುವ ಕರುಣಾಳುಗಳು ಪ್ರತಿ ಮನೆಯಲ್ಲಿಯೂ ಇದ್ದಾರೆ. ಅವರಿಂದ ಗೆಡ್ಡೆಯನ್ನು ಕಾಪಾಡುವುದೇ ದೊಡ್ಡ ಕೆಲಸ. ಸಂಕ್ರಾಂತಿಯ ನಂತರ ಮತ್ತೆ ನೀರು ತೋರಿಸಿದರೆ ಕೆಲವು ವಾರಗಳಲ್ಲಿ ಮೊಗ್ಗಿನ ಮೂತಿ ಹೊರಬೀಳುತ್ತದೆ.

ಮಳೆಗಾಲದಲ್ಲಿ ಇದಕ್ಕೊಬ್ಬ ಶತ್ರುವುಂಟು: ಕಪ್ಪು ಮೈಯ ಮೇಲೆ ಬಿಳಿ, ಕೆಂಪು ಚುಕ್ಕೆಗಳಿರುವ ಕಂಬಳಿಹುಳುವಿನಂಥ ಹುಳು. ಗುಂಪಾಗಿ ಬಂದು ಎರಡು-ಮೂರು ದಿನಗಳಲ್ಲಿ ಎಲೆಯನ್ನೆಲ್ಲ ಮುಗಿಸಿ ಕತ್ತಿನೊಳಕ್ಕೂ ಇಳಿಯುತ್ತದೆ. ದಿನವೂ ಬೆಳಗ್ಗೆ ಎಲೆಯ ಅಡಿಭಾಗವನ್ನು ನೋಡಿ, ಕಡ್ಡಿಯಿಂದ ಆರಿಸಿ ಸೋಪಿನ ನೀರಿಗೆ ಹಾಕುವುದಕ್ಕಿಂತ ಉತ್ತಮವಾದ ಔಷಧಿ ಮನೆಯ ತೋಟಕ್ಕೆ ಬೇಕಿಲ್ಲ.

ಗ್ಲಾಡಿಯೋಲಸ್ ಹೆಚ್ಚಿನ ತಳಿಗಳ ಪೂರ್ವಿಕರು ದಕ್ಷಿಣ ಆಫ್ರಿಕದವರು. ಎಲೆ ಕತ್ತಿಯಂತಿರುವುದರಿಂದ ಲ್ಯಾಟಿನ್ ಭಾಷೆಯ ‘ಪುಟ್ಟ ಕತ್ತಿ’ ಎಂಬ ಪದವೇ ಹೆಸರಾಯಿತು. ಇದರದು ಪದರಗಳ ಗೆಡ್ಡೆಯಲ್ಲ, ಘನವಾದ ಕಂದ. ಹಳೆಯ ಕಂದದ ನೆತ್ತಿಯ ಮೇಲೆಯೇ ಪ್ರತಿ ವರ್ಷವೂ ಹೊಸದು ಹುಟ್ಟಿ ಹಳೆಯದು ಸುಕ್ಕುಗಟ್ಟುತ್ತದೆ. ಹೂದಂಟನ್ನು ಕೊಯ್ಯುವಾಗ ನಾಲ್ಕು ಎಲೆಗಳನ್ನಾದರೂ ಗಿಡದಲ್ಲಿ ಉಳಿಸಬೇಕು. ಎಲೆ ಹಳದಿಯಾದೊಡನೆ ಅಗೆದು, ನೆರಳಲ್ಲಿ ಒಣಗಿಸಿ, ಗಾಳಿಯಾಡುವ ಜಾಗದಲ್ಲಿಡುವುದು. ಕಿತ್ತ ಕಂದ ಸುಮಾರು ಮೂರು ತಿಂಗಳು ಮಲಗಿದ ಹೊರತು ಚಿಗುರದು. ಅವಸರ ಮಾಡಿ ಫಲವಿಲ್ಲ.

ಸುಗಂಧರಾಜದ ರೀತಿ ಬಾಳೆಯದು. ತಾಯಿಗೆಡ್ಡೆ ಒಮ್ಮೆ ಹೂ ಕೊಟ್ಟು ಮುಗಿಯುತ್ತದೆ. ಸುತ್ತ ಹುಟ್ಟಿದ ಮರಿಗಳು ಮುಂದಿನ ಸರದಿಗೆ ನಿಲ್ಲುತ್ತವೆ. ಮರಿಗಳು ಒತ್ತೊತ್ತಾಗಿ ಬೆಳೆದು ಹೂ ಸಣ್ಣದಾಗುವುದರಿಂದ ಎರಡು-ಮೂರು ವರ್ಷಕ್ಕೊಮ್ಮೆ ಅಗೆದು, ಅಡಿಕೆಯ ಗಾತ್ರದವನ್ನು ಆರಿಸಿ ಬೇರೆ ಮಡಿಯಲ್ಲಿ ಗೇಣು ಅಂತರದಲ್ಲಿ ನೆಡಬೇಕು. ಚೈತ್ರದಲ್ಲಿ ನೆಟ್ಟರೆ ಆಷಾಢ-ಶ್ರಾವಣಕ್ಕೆ ಹೂ. ಇಡೀ ದಿನ ಬಿಸಿಲು ಬೀಳುವ ಜಾಗವೇ ಆಗಬೇಕು. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಶೃಂಗಾರ್, ಪ್ರಜ್ವಲ್ ಎಂಬ ಒಂಟಿಸುತ್ತಿನ ತಳಿಗಳನ್ನೂ ಸುವಾಸಿನಿ, ವೈಭವ್ ಎಂಬ ಸುತ್ತುದಳದ ತಳಿಗಳನ್ನೂ ಹೊರತಂದಿದೆ. ಹಾರಕ್ಕೂ ಪರಿಮಳಕ್ಕೂ ಒಂಟಿಸುತ್ತಿನದು, ಹೂದಾನಿಗೆ ಸುತ್ತುದಳದ್ದು. ನನ್ನನ್ನು ಕೇಳಿದರೆ ಒಂಟಿಸುತ್ತಿನದೇ ಸರಿ. ರಾತ್ರಿ ಎಂಟರ ಮೇಲೆ ಕಿಟಕಿಯನ್ನು ತೆರೆದವರಿಗೆ ಕಾರಣವನ್ನು ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯುವಂತಿಲ್ಲ. ಅಗೆದು ಒಣಗಿಸಿದ ಲಿಲ್ಲಿಯ ಗೆಡ್ಡೆಗೂ ಈರುಳ್ಳಿಗೂ ಕಣ್ಣಿಗೆ ಅಷ್ಟೇನೂ ಭೇದವಿಲ್ಲ. ಹೊಟ್ಟೆಗೆ ಬಹಳ ಭೇದವುಂಟು. ಅದರಲ್ಲಿರುವ ಲೈಕೋರಿನ್ ಎಂಬ ವಿಷ ವಾಂತಿ-ಭೇದಿಗಳನ್ನು ಉಂಟುಮಾಡುತ್ತದೆ. ನಾಯಿ, ಬೆಕ್ಕುಗಳಿಗೂ ಅಪಾಯ. ಆದುದರಿಂದ ಇಂಥ ಗೆಡ್ಡೆಗಳನ್ನು ಅಡಿಗೆಮನೆಯ ಬುಟ್ಟಿಯ ಹತ್ತಿರವೂ ಸುಳಿಯಗೊಡದೆ, ಚೀಟಿ ಅಂಟಿಸಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿಡಬೇಕು.

ಇಷ್ಟೆಲ್ಲ ಅಗೆತ, ಒಣಗಿಸುವಿಕೆಗಳಿಗೆ ಬಿಡುವಿಲ್ಲದವರು ಮಳೆಲಿಲ್ಲಿಯನ್ನು ನೆಡಬಹುದು. ಬಿಳಿಯದೂ ಗುಲಾಬಿ ಬಣ್ಣದ್ದೂ ಅಮೆರಿಕ ಖಂಡದಿಂದ ಬಂದವು. ಸಸ್ಯಶಾಸ್ತ್ರಜ್ಞರು ಕುಲಕ್ಕಿಟ್ಟ ಜೆಫಿರಾಂಥಸ್ ಎಂಬ ಗ್ರೀಕ್ ಹೆಸರಿನ ಅರ್ಥ ‘ಪಡುವಣ ಗಾಳಿಯ ಹೂ’. ಪಡುವಣ ಗಾಳಿಯೊಡನೆ ಮಳೆಯನ್ನು ಕಾಣುವ ನಮಗೆ ಇದಕ್ಕಿಂತ ಒಪ್ಪುವ ಹೆಸರು ಯಾವುದು? ಬೇಲಿಯ ಬುಡದಲ್ಲಿ ಎರಡು ಬೆರಳು ಆಳದಲ್ಲಿ ಹತ್ತಿಪ್ಪತ್ತು ಗೆಡ್ಡೆಗಳನ್ನು ಹೂತುಬಿಟ್ಟರೆ ಮುಗಿಯಿತು. ಬೇಸಗೆಯಲ್ಲಿ ಅವು ಇವೆಯೋ ಇಲ್ಲವೋ ಎಂಬಂತಿರುತ್ತವೆ. ಭರಣಿ ಮಳೆ ಒಂದು ಸಲ ಚೆನ್ನಾಗಿ ಸುರಿಯಲಿ. ನಾಲ್ಕಾರು ದಿನಗಳಲ್ಲಿ ಬೇಲಿಯುದ್ದಕ್ಕೂ ಹೂ.